ಎಡ ಅಂಗೈ

ಕೊರಳಲ್ಲಿ ಏನೂ ಇರಬಾರದು ಎಂದು ದೋಣಿಯ ಗೈಡು ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದ. ನೀರಿಗಿಳಿದಾಗ ಉಸಿರಿನ ಕೊಳವೆಗೆ ಸಿಕ್ಕಿಕೊಂಡರೆ ಕಷ್ಟವಂತೆ. ಕಮಲಮ್ಮ ಮಾಂಗಲ್ಯ ತೆಗೆದು ಗಂಡನ ಕೈಗಿಟ್ಟರು. ಶಿವದಾರಕ್ಕೆ ಮಾತ್ರ ಕೈ ಹಾಕಲಿಲ್ಲ.

ಅದರ ತುದಿಯ ಬೆಳ್ಳಿ ಕರಡಿಗೆಯಲ್ಲಿದ್ದ ಇಷ್ಟಲಿಂಗ ಎಂದೂ ಅವರ ಮೈ ಬಿಟ್ಟು ಇದ್ದುದಲ್ಲ. ಹೆರಿಗೆಯ ಕೋಣೆಯಲ್ಲಿ ನರ್ಸ್ ಗದರಿದಾಗಲೂ ತೆಗೆದಿರಲಿಲ್ಲ. ಬ್ರೂಕ್‌ಫೀಲ್ಡ್‌ನ ಅವರ ಅಪಾರ್ಟ್‌ಮೆಂಟಿನ ಈಜುಕೊಳದಲ್ಲೂ ಇದೇ ನಿಯಮ. ವರ್ಷಗಟ್ಟಲೆ ಅಂಚಿನಲ್ಲಿ ಕೂತು ಕಾಲಷ್ಟೇ ಇಳಿಬಿಟ್ಟಿದ್ದರು. ಅಂಡಮಾನಿಗೇ ಹೋಗಬೇಕೆಂದು ಹಟ ಹಿಡಿದವರೂ ಅವರೇ. ಬೆಳಿಗ್ಗೆ ಲೈಟ್‌ಹೌಸ್ ಹತ್ತಿದಾಗ ಎಲ್ಲರೂ ದ್ವೀಪಗಳನ್ನು ನೋಡುತ್ತಿದ್ದರೆ, ಅವರು ಕೆಳಗಿನ ಹಸಿರು ನೀರನ್ನೇ ನೋಡುತ್ತ ನಿಂತಿದ್ದರು.

"ಸ್ವಲ್ಪ ಹೊತ್ತು ಅಪ್ಪನ ಹತ್ರ ಕೊಡಮ್ಮ. ಇಲ್ಲಿ ಯಾರ್ ನೋಡ್ತಾರೆ?" ಎಂದಳು ಮಗಳು ಕಾವ್ಯಾ.

ಗಂಡ ಸಿದ್ದಲಿಂಗಯ್ಯನವರು ದೋಣಿ ಹತ್ತಿದಾಗಿನಿಂದ ಲೈಫ್ ಜಾಕೆಟ್ಟಿನ ಒಂದು ಪಟ್ಟಿಯನ್ನೂ ಸಡಿಲಿಸಿರಲಿಲ್ಲ. "ಬ್ಯಾಡ ಬಿಡು, ನನ್ ಜೊತಿ ಇಲ್ಲೇ ಕುಂದ್ರು. ಚಕ್ಕುಲಿ ಅದಾವು," ಎಂದರು.

ಕಮಲಮ್ಮ ಅತ್ತ ತಿರುಗಿ ಕೂತು ಕರಡಿಗೆ ತೆರೆದರು. ದಿನವೂ ಪೂಜೆಯಲ್ಲಿ ಇಟ್ಟುಕೊಳ್ಳುವಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಿಳಿ ವಸ್ತ್ರವನ್ನು ಅಂಗೈಗೆ ಸುತ್ತಿ ಮಗಳತ್ತ ಚಾಚಿದರು.

"ಗಂಟು ಹಾಕು. ಬಿಗಿಯಾಗಿ."

"ಉಪ್ಪು ನೀರು ಕಣಮ್ಮ."

"ದಿನಾ ಜಳಕ ಮಾಡ್ಸದು ನಾನು. ಇವತ್ತು ಸಮುದ್ರ ಮಾಡ್ಸ್ಲಿ."

ಕಾವ್ಯಾ ನಕ್ಕು ಗಂಟಿನ ಮೇಲೆ ಗಂಟು ಹಾಕಿದಳು. ಖಾಲಿ ಕರಡಿಗೆಯನ್ನು ಶಿವದಾರದ ಸಮೇತ ತೆಗೆದು ಕಮಲಮ್ಮ ಗಂಡನಿಗೆ ಕೊಟ್ಟರು. ಬರಿದಾದ ಕೊರಳು ಕಂಡು ಗೈಡು ತಲೆಯಾಡಿಸಿದ.

ನೀರಿಗಿಳಿದು ಮುಖ ಮುಳುಗಿಸಿದೊಡನೆ ಕಮಲಮ್ಮನವರಿಗೆ ಕೊಳವೆಯೊಳಗೆ ತಮ್ಮ ಉಸಿರೇ ಭೋರೆಂದು ಕೇಳಿಸಿತು. ಮೂಗಿನಿಂದ ಎಳೆಯಲು ಹೋಗಿ ಕಂಗಾಲಾದರು, ತಲೆಯೆತ್ತಿ ಕೆಮ್ಮಿದರು. ದೋಣಿಯಲ್ಲಿ ಗಂಡ ಎದ್ದು ನಿಂತು, ಸಾಕು ಬಾ ಎಂದು ಕೂಗಿದರು. ಕಮಲಮ್ಮ ಕೊಳವೆಯನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಈ ಸಲ ಎಡಗೈಯನ್ನು ಕಣ್ಣ ಮುಂದೆ ತಂದರು. ಪ್ರತಿ ಬೆಳಿಗ್ಗೆ ಹೀಗೇ ಅಂಗೈ ದಿಟ್ಟಿಸುತ್ತ ಕೂತಾಗ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ನೀರಿನಲ್ಲೂ ಹಾಗೇ ಆಯಿತು. ಆಮೇಲೆ ಕೈಯಾಚೆಗೆ ನೆಲ ಕಾಣಿಸಿತು: ಕಂದು ಹವಳದ ದಿಬ್ಬಗಳು, ಅವುಗಳ ಮೇಲೆ ಅಲುಗುವ ಬಿಸಿಲಿನ ಗೆರೆಗಳು.

ಹಳದಿ ಪಟ್ಟೆಯ ಪುಟ್ಟ ಮೀನೊಂದು ಬಂದು ವಸ್ತ್ರದ ತುದಿಯನ್ನು ಮೂಸಿ ದೂರ ಸರಿಯಿತು. ಮತ್ತೆ ಬಂತು. ಕಮಲಮ್ಮ ಕೈ ಅಲುಗಿಸದೆ ಹಿಡಿದಿದ್ದರು.