ತಿಪ್ಪೆ ಪಕ್ಕದ ಮಣ್ಣು

ಮೀಸೆ ಯಜಮಾನರಿಗೆ ಎರಡು ಹೊಲ. ಮೇಲಿನದು ಕೆಂಪು ಮಣ್ಣು, ಕೆಳಗಿನದು ಕಪ್ಪು ಮಣ್ಣು. ಜಲಾಶಯದ ಕಾಲುವೆ ಬಂದ ಮೇಲೆ ಕೆಂಪು ಹೊಲ ಕೈ ಹಿಡಿಯಿತು, ಕಪ್ಪು ಹೊಲ ಕೈ ಕೊಟ್ಟಿತು. ಆಳೆತ್ತರ ಬೆಳೆಯುತ್ತಿದ್ದ ಮೆಕ್ಕೆಜೋಳ ಮೊಣಕಾಲ ಮಟ್ಟಕ್ಕೇ ಹಳದಿಯಾಗಿ ನಿಲ್ಲುತ್ತಿತ್ತು. ಅಪ್ಪ ಉತ್ತ ಹೊಲ ಅದು. ಮಾರುವ ಮಾತೆತ್ತಿದರೆ ಯಜಮಾನರು ಎದ್ದು ಹೊರಗೆ ಹೋಗುತ್ತಿದ್ದರು. ಆದರೂ ಪಕ್ಕದ ಹೊಲದವನಿಗೆ ಮಾರುತ್ತೇನೆಂದು ಮಾತು ಕೊಡುವುದರಲ್ಲಿದ್ದರು.

ಸೊಸೆ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. "ಅದಕ್ಕೆ ಮುಂಚೆ ಆ ಹೊಲದ ಒಂದು ಚೀಲ ಮಣ್ಣು ಕೊಡಿ ಮಾವ" ಎಂದಳು. ಕೊಟ್ಟರು. ಮಣ್ಣು ಬಲು ಫಲವತ್ತು ಎಂದು ವರದಿ ಬಂತು.

"ನೋಡಿದ್ಯಾ? ನಿಮ್ಮ ಮಿಷನ್ನಿಗೆ ಕಣ್ಣಿಲ್ಲ" ಎಂದರು ಯಜಮಾನರು.

"ಮಣ್ಣು ಎಲ್ಲಿಂದ ತೆಗೆದ್ರಿ ಮಾವ?"

"ತಿಪ್ಪೆ ಪಕ್ಕದಿಂದ. ನಾಲ್ಕು ಜನ ನೋಡೋ ಕಡೆಗೆ ಕೆಟ್ಟ ಮಣ್ಣು ಕಳಿಸೋಕಾಗುತ್ತಾ?"

ಒಳಗಿಂದ ಅತ್ತೆ ನಕ್ಕರು. "ಇವರು ಹೀಗೇ. ಹಲ್ಲುನೋವು ಅಂತ ಡಾಕ್ಟರ ಹತ್ರ ಹೋಗಿ, ಗಟ್ಟಿಯಾಗಿರೋ ಹಲ್ಲು ತೋರಿಸಿ ಬಂದಿದ್ರು."

ಸೊಸೆ ಗುದ್ದಲಿ ಹಿಡಿದು ಮಾವನನ್ನು ಕೆಳಗಿನ ಹೊಲಕ್ಕೆ ಕರೆದೊಯ್ದಳು. ನೆಲದ ಮೇಲೆ ಅಲ್ಲಲ್ಲಿ ಬಿಳಿ ಉಪ್ಪು ಕಟ್ಟಿತ್ತು. ನಡುಹೊಲದಲ್ಲಿ ಮೊಳದಾಳದ ಗುಂಡಿ ತೋಡಿದಳು. ಯಜಮಾನರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಳದಲ್ಲಿ ನೀರು ಜಿನುಗಿತು.

"ಇಷ್ಟು ನೀರು ಯಾಕೆ ಬಿಟ್ರಿ ಮಾವ?"

"ಸರದಿ ಬಂದಾಗೆಲ್ಲ ಎರಡೂ ಹೊಲಕ್ಕೆ ಸಮ ಸಮ ಬಿಟ್ಟೆ. ಬಂದ ನೀರನ್ನ ಬೇಡ ಅನ್ನೋಕೆ ಮನಸ್ಸು ಬರುತ್ತಾ?"

"ಕೆಂಪು ಮಣ್ಣಲ್ಲಿ ನೀರು ಬೇಗ ಇಳಿದು ಹೋಗುತ್ತೆ. ಅದಕ್ಕೆ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡ್ಬೇಕು. ಕಪ್ಪು ಮಣ್ಣು ಹಿಡಿದಿಟ್ಕೊಳ್ಳುತ್ತೆ. ಇಲ್ಲಿ ಬೇರಿಗೆ ಉಸಿರು ಕಟ್ಟಿದೆ, ಉಪ್ಪು ಮೇಲೆ ಬಂದಿದೆ."

ಯಜಮಾನರು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಅಪ್ಪನ ಹೊಲಾನ ನಾನೇ ಮುಳುಗಿಸಿದೆನಲ್ಲಮ್ಮ" ಎಂದರು. ಕಣ್ಣು ತುಂಬಿತ್ತು.

"ಮುಳುಗಿದ್ದನ್ನ ಎತ್ತೋಣ ಬಿಡಿ."

ಮಾರುವ ಮಾತು ಅಲ್ಲಿಗೇ ನಿಂತಿತು. ತಗ್ಗಿನ ಬದಿಗೆ ನೀರು ಬಸಿಯುವ ಕಾಲುವೆ ತೋಡಿದರು. ಹೊಸದಾಗಿ ತೆಗೆದ ಮಣ್ಣಿನ ವರದಿ ನೋಡಿ ಗೊಬ್ಬರ ಹಾಕಿದರು. ಅಡಿಮಣ್ಣು ಹಿಡಿಯಲ್ಲಿ ಉಂಡೆ ಕಟ್ಟಿ ಅಂಟಿದರೆ ಆ ಸರದಿಯ ನೀರು ಬಿಡಲಿಲ್ಲ. ಎರಡನೆಯ ಬೆಳೆಗೆ ಮೆಕ್ಕೆಜೋಳ ಯಜಮಾನರ ಎದೆಮಟ್ಟ ಬಂತು. ಅವರು ದಿನಾ ಸಂಜೆ ಹೋಗಿ ಅದರ ಪಕ್ಕ ನಿಂತು ಅಳೆದುಕೊಳ್ಳುತ್ತಿದ್ದರು.

ಒಂದು ದಿನ ಪಕ್ಕದ ಹೊಲದವನು ಬಂದ. "ನನ್ನ ಹೊಲಾನೂ ಹಳದಿ ಆಗ್ತಿದೆ. ಏನ್ ಮಾಡ್ಲಿ?"

"ನಿನ್ನ ಹೊಲದ ಮಣ್ಣು ತಂದು ಸೊಸೆಗೆ ಕೊಡು. ತಿಪ್ಪೆ ಪಕ್ಕದ್ದು ಮಾತ್ರ ತರಬೇಡ" ಎಂದರು ಯಜಮಾನರು.

ರೈತ ಬಂಧುಗಳೇ, ಪರೀಕ್ಷೆಗೆ ಹೊಲದ ಹಲವು ಕಡೆಯ ಮಣ್ಣು ಕೊಡಿ. ಬೆಳೆ ಸೊರಗಿದ ಜಾಗದ್ದನ್ನು ಬೇರೆ ಚೀಲದಲ್ಲಿ ಹಾಕಿ ಕೊಡಿ, ಕೆಟ್ಟ ಮಣ್ಣೆಂದು ಮುಚ್ಚಿಡಬೇಡಿ. ನೀರಿನ ಸರದಿ ಬಂದ ದಿನ ಮೊದಲು ಒಂದು ಗುಂಡಿ ತೋಡಿ ನೋಡಿ, ಅಡಿಮಣ್ಣು ಕೈಗೆ ಅಂಟದಿದ್ದರೆ ಮಾತ್ರ ತೂಬು ಎತ್ತಿ.