ಆರುನೂರ ಹನ್ನೆರಡು ಅಕ್ಷರ

ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರದೊಳಗೆ ಶಾಖ ಏರುತ್ತಲೇ ಇತ್ತು. ಮೂವತ್ತೆಂಟೂವರೆ ಡಿಗ್ರಿ ಆಗಲೇ ದಾಟಿತ್ತು. ನಲವತ್ತು ಮುಟ್ಟಿದರೆ ಎರಡು ಸಾವಿರ ಮೊಟ್ಟೆಗಳ ಕಥೆ ಮುಗಿದಂತೆಯೇ. ಸ್ವಿಚ್ ಆರಿಸೋಣವೆಂದರೆ ಫ್ಯಾನೂ ನಿಲ್ಲುತ್ತದೆ, ನಾಳೆ ಹೊರಬರಬೇಕಾದ ಮರಿಗಳು ಒಳಗೇ ಉಸಿರುಗಟ್ಟುತ್ತವೆ. ಸೊಸೆ ಏರುವ ಅಂಕಿಯನ್ನೇ ನೋಡುತ್ತ ಯಂತ್ರದ ಮುಂದೆ ನಿಂತಿದ್ದಳು.

ತಪ್ಪು ಅವಳದೇ. ಶಾಖ ಒಂಚೂರು ತಗ್ಗಿಸಲೆಂದು ಬೆಳಿಗ್ಗೆ ಮೊಬೈಲಿನ ಆ್ಯಪ್‌ನಲ್ಲಿ ಹೆಬ್ಬೆರಳಾಡಿಸಿದ್ದಳು. ಅಲ್ಲಿಂದಾಚೆಗೆ ಆ ಚೆಂದದ ಆ್ಯಪ್ ತೆರೆಯುವುದು, ತಾನಾಗಿ ಮುಚ್ಚಿಕೊಳ್ಳುವುದು, ಇದೇ ಆಟ. ಹಟ ಹಿಡಿದು ಅದನ್ನು ಹಾಕಿಸಿದವಳೂ ಅವಳೇ. ಕಪ್ಪು ಪರದೆಯಲ್ಲಿ ಒಂದೊಂದೇ ಸಾಲು ತಿದ್ದುವ ಅತ್ತೆಯ 'ಎಡ್' ಎಂಬ ಎಡಿಟರನ್ನು ಶಿಲಾಯುಗದ್ದೆಂದು ಬಾಯ್ತುಂಬ ಆಡಿಕೊಂಡವಳೂ ಅವಳೇ. ಈಗ ಫೋನ್ ಮಾಡಬೇಕಾದದ್ದು ಆ ಅತ್ತೆಗೇ. ಅವರೋ ಎರಡೂ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು.

"ನಾನೇ ಏನೋ ಕೆಡಿಸಿಬಿಟ್ಟೆ, ಅತ್ತೆ."

"ಅದನ್ನ ಆಮೇಲೆ ನೋಡೋಣ. ಯಂತ್ರದ ಪಕ್ಕದ ಕಂಪ್ಯೂಟರಲ್ಲಿ ಕಪ್ಪು ಪರದೆ ತೆಗಿ. ಎಡ್ ಅಂತ ಹೊಡಿ, ಮುಂದೆ ಯಂತ್ರದ ಸೆಟ್ಟಿಂಗ್ ಫೈಲಿನ ಹೆಸರು. ಏನು ಬಂತು?"

"ಬರೀ ಒಂದು ಸಂಖ್ಯೆ. ಆರುನೂರ ಹದಿಮೂರು."

"ಹನ್ನೆರಡು ಇರಬೇಕಿತ್ತು. ಫೈಲಲ್ಲಿ ಎಷ್ಟು ಅಕ್ಷರ ಇದೆ ಅಂತ ಹೇಳತ್ತೆ ಅದು. ಆ್ಯಪಲ್ಲಿ ನೀನು ಒಂದು ಜಾಸ್ತಿ ಹೊಡೆದಿದ್ದೀಯ. ಶಾಖ ಬರೆದಿರೋದು ಹದಿನಾಲ್ಕನೇ ಸಾಲಲ್ಲಿ, ಈಗ ಹದಿನಾಲ್ಕು, ಪಿ ಅಂತ ಹೊಡಿ."

ಹದಿನಾಲ್ಕನೇ ಸಾಲು ಕಣ್ಣೆದುರು ಬಂತು. 37.2 ಇರಬೇಕಾದ ಕಡೆ 377.2.

ಸೊಸೆ ದಂಗಾದಳು. ಕಣ್ಣು ಕಟ್ಟಿಕೊಂಡು ಮಲಗಿದವರು ಒಂದು ಸಂಖ್ಯೆ ಕೇಳಿಯೇ ತಪ್ಪು ಹಿಡಿದಿದ್ದರು. ಆ್ಯಪ್‌ನ ಬಣ್ಣಬಣ್ಣದ ಗುಂಡಿಗಳನ್ನು ಫೋನಿನಲ್ಲಿ ಯಾರಿಗೆ ಹೇಗೆ ವಿವರಿಸುವುದು? ಇದನ್ನಾದರೆ ಬಾಯಲ್ಲಿ ಹೇಳಬಹುದು, ಕಿವಿಯಲ್ಲಿ ಕೇಳಬಹುದು. ಆಡಿಕೊಂಡದ್ದಕ್ಕೆಲ್ಲ ಅವಳಿಗೆ ನಾಚಿಕೆಯಾಯಿತು.

"ಈಗ ತಿದ್ದೋಕೆ ಎಸ್, ಓರೆಗೆರೆ, ಏಳು ಏಳು, ಓರೆಗೆರೆ, ಏಳು, ಓರೆಗೆರೆ."

ಅವಸರದಲ್ಲಿ ಬೆರಳು ತಪ್ಪಿತು. "ಪ್ರಶ್ನೆ ಚಿಹ್ನೆ ಹಾಕ್ತು, ಅತ್ತೆ."

"ಅರ್ಥ ಆಗ್ಲಿಲ್ಲ ಅಂತಿದೆ, ಅಷ್ಟೆ. ಅರ್ಥ ಆಗದೆ ಅದು ಏನನ್ನೂ ಮುಟ್ಟಲ್ಲ, ನಿನ್ನ ಗಂಡನ ಥರ ಅಲ್ಲ. ಇನ್ನೊಂದ್ಸಲ ಹೊಡಿ."

ಹೊಡೆದಳು. ಈ ಸಲ ಅದು ತಕರಾರು ಮಾಡಲಿಲ್ಲ.

"ಈಗ ಡಬ್ಲ್ಯೂ. ಅದು ಹೊಡೆದ್ರೇನೇ ಉಳಿಯೋದು. ಎಷ್ಟು ಬಂತು?"

"ಆರುನೂರ ಹನ್ನೆರಡು."

ಹೀಟರ್ ಆರಿತು. ಮೂವತ್ತೊಂಬತ್ತೂವರೆಗೆ ಹೋಗಿದ್ದ ಶಾಖ ಅಲ್ಲೇ ತಡೆದು ನಿಂತು, ಮೆಲ್ಲಗೆ ಇಳಿಯತೊಡಗಿತು.

"ಬದುಕಿವೆಯಾ?" ಅತ್ತೆ ಕೇಳಿದರು.

ಅದು ಅವಳಿಗೂ ಗೊತ್ತಿರಲಿಲ್ಲ. ಬಾಗಿಲು ಒಂದಿಷ್ಟೇ ತೆರೆದು, ಫೋನನ್ನು ಟ್ರೇಗಳ ಹತ್ತಿರ ಹಿಡಿದಳು. ಮೊದಲು ಫ್ಯಾನಿನ ಸದ್ದಷ್ಟೇ. ಆಮೇಲೆ ಎಲ್ಲೋ ಮೂಲೆಯಲ್ಲಿ ಒಂದು ಮೊಟ್ಟೆಯೊಳಗಿಂದ ಮರಿಯೊಂದು ಚೀಂವ್ ಎಂದಿತು. ಅದಕ್ಕೆ ಇನ್ನೊಂದು ಓಗೊಟ್ಟಿತು. ನೋಡನೋಡುತ್ತಿದ್ದಂತೆ ಇಡೀ ಟ್ರೇ ಗಲಾಟೆ ಎಬ್ಬಿಸಿತು.

ಸೊಸೆ ಕಣ್ಣೊರೆಸಿಕೊಂಡು ಫೋನನ್ನು ಕಿವಿಗಿಟ್ಟಳು. "ಕೇಳಿಸ್ತಾ ಅತ್ತೆ?"

ಆ ಕಡೆಯಿಂದ ಮೂಗೆಳೆದ ಸದ್ದು ಬಂತು.

"ಪಟ್ಟಿ ಒದ್ದೆ ಮಾಡ್ಕೋಬಾರ್ದು ಅಂದಿದ್ದಾರೆ ಕಣೆ ಡಾಕ್ಟರು," ಎಂದರು ಅತ್ತೆ. "ಫೋನ್ ಇಡು."