ಬಾತ್‌ರೂಮಿನವರೆಗೆ

ದೊಡ್ಡ ಸಿಸ್ಟರ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ವಾರ್ಡಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಇಂಜೆಕ್ಷನ್, ಡ್ರೆಸ್ಸಿಂಗ್, ಹಾಸಿಗೆ ಬದಲಾಯಿಸುವುದು ಎಲ್ಲವೂ ಹೊತ್ತಿಗೆ ಮುಂಚೆಯೇ ಮುಗಿದಿರಬೇಕು. "ವಯಸ್ಸಾದವರನ್ನ ಮಲಗಿಸಿ ಇಡಬೇಡಿ, ನಡೆಸಿ" ಎಂದು ಹೊಸ ನರ್ಸುಗಳ ಕಿವಿ ಹಿಂಡುತ್ತಿದ್ದವಳೂ ಅವಳೇ. ಹೇಳುವುದಕ್ಕೇನು, ಸುಲಭ.

ಕಿಟಕಿ ಪಕ್ಕದ ಮಂಚದಲ್ಲಿ ಟೈಲರ್ ಅಜ್ಜ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಯಾರಾದರೂ ಕೈ ಕೊಟ್ಟರೆ ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿಬರುತ್ತಿದ್ದರು. ಮೊಮ್ಮಗಳ ಫ್ರಾಕು ಅರ್ಧಕ್ಕೇ ನಿಂತಿದೆ, ಬೇಗ ಮನೆಗೆ ಹೋಗಬೇಕು ಎನ್ನುತ್ತಿದ್ದರು. ಮಗಳು ಮಾತ್ರ ಮೊದಲೇ ಹೇಳಿಬಿಟ್ಟಿದ್ದಳು.

"ನಾನು ಬೆಳಗ್ಗೆ ಫ್ಯಾಕ್ಟರಿಗೆ ಹೋದ್ರೆ ಬರೋದು ಸಂಜೆ, ಸಿಸ್ಟರ್. ಅಪ್ಪ ತಾವೇ ಬಾತ್‌ರೂಮಿಗೆ ಹೋಗೋ ಹಾಗಾದ್ರೆ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ವೃದ್ಧಾಶ್ರಮವೇ ಗತಿ."

ಅಜ್ಜನ ನಡಿಗೆಯೋ ಆಮೆಯ ನಡಿಗೆ. ಅವರು ಹೋಗಿಬರುವಷ್ಟರಲ್ಲಿ ಅರ್ಧ ವಾರ್ಡಿಗೆ ಔಷಧಿ ಕೊಟ್ಟು ಮುಗಿಸಬಹುದಿತ್ತು. ಒಂದು ಬೆಳಗ್ಗೆ, ಉಸಿರಾಡಲೂ ಪುರಸೊತ್ತಿಲ್ಲದಾಗ, ದೊಡ್ಡ ಸಿಸ್ಟರ್ ಅವರಿಗೆ ಡೈಪರ್ ಹಾಕಿದಳು.

"ಕಾಜಾ ಇಲ್ಲ, ಗುಂಡಿ ಇಲ್ಲ. ಇದೂ ಒಂದು ಹೊಲಿಗೇನಾ?" ಅಜ್ಜ ನಕ್ಕರು. ಸ್ವಲ್ಪ ಹೊತ್ತಿಗೆ ಬೆಲ್ ಒತ್ತಿದರು.

"ಅದರಲ್ಲೇ ಮಾಡ್ಬಿಡಿ ಅಜ್ಜ, ಆಮೇಲೆ ಬದಲಾಯಿಸ್ತೀನಿ."

"ನಂಗೆ ಗೊತ್ತಾಗುತ್ತಮ್ಮ. ಒಂಚೂರು ಕೈ ಕೊಟ್ರೆ ಸಾಕು."

"ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ."

ಇವತ್ತು ಎಂದದ್ದು ನಾಳೆಯಾಯಿತು, ನಾಳಿದ್ದಾಯಿತು, ವಾರಗಳೇ ಉರುಳಿದವು. ಅಜ್ಜ ಬೆಲ್ ಒತ್ತುವುದನ್ನೇ ಬಿಟ್ಟರು. ಪೇಷೆಂಟು ಅಂದರೆ ಹೀಗಿರಬೇಕು ಎಂದು ದೊಡ್ಡ ಸಿಸ್ಟರ್ ಎಲ್ಲರೆದುರು ಹೊಗಳಿದಳು.

ಮನೆಗೆ ಕಳಿಸುವ ವಿಚಾರ ಮಾತಾಡಲು ಡಾಕ್ಟರ್ ಬಂದ ದಿನ ಮಗಳು ರಜೆ ಹಾಕಿ ಬಂದಿದ್ದಳು.

"ಅಜ್ಜ, ಮೂತ್ರ ಬರೋದು ಗೊತ್ತಾಗುತ್ತಾ? ತಡ್ಕೊಳ್ಳೋಕೆ ಆಗುತ್ತಾ?"

ಅಜ್ಜ ದೊಡ್ಡ ಸಿಸ್ಟರ್ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದರು. "ಇಲ್ಲ ಡಾಕ್ಟ್ರೇ. ವಯಸ್ಸಾಯ್ತಲ್ಲ."

ಮಗಳ ಮುಖ ಸಪ್ಪಗಾಯಿತು. ದೊಡ್ಡ ಸಿಸ್ಟರ್ ನಾಚಿಕೆಯಿಂದ ಹಿಡಿಯಷ್ಟಾದಳು. ಅವಳ ಮಾನ ಉಳಿಸಲು ಈ ಮುದುಕ ತನ್ನ ಮನೆಯನ್ನೇ ಬಿಟ್ಟುಕೊಡುತ್ತಿದ್ದಾರೆ. ಸುಮ್ಮನಿದ್ದರೂ ನಡೆಯುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಸುಮ್ಮನಿರೋಣ ಎಂದು ಒಂದು ಗಳಿಗೆ ಅನ್ನಿಸಿಯೂ ಬಿಟ್ಟಿತು.

"ಸುಳ್ಳು ಡಾಕ್ಟ್ರೇ," ಎಂದಳು. "ಅವರಿಗೆ ಗೊತ್ತಾಗುತ್ತೆ. ಕೆಲಸ ಬೇಗ ಮುಗೀಲಿ ಅಂತ ನಾನೇ ಡೈಪರ್ ಹಾಕಿ, ಅದರಲ್ಲೇ ಮಾಡಿ ಅಂದೆ."

ಮಗಳು ಅವಳನ್ನೇ ದಿಟ್ಟಿಸಿದಳು. ಡಾಕ್ಟರ್, "ಸರಿ, ಎಬ್ಬಿಸಿ, ನೋಡೋಣ" ಎಂದರು.

ದೊಡ್ಡ ಸಿಸ್ಟರ್ ಡೈಪರ್ ಬಿಚ್ಚಿ ಪೈಜಾಮ ಹಾಕಿದಳು. ಅಜ್ಜ ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಅವಳ ಭುಜ ಹಿಡಿದು ಎದ್ದರು. ಮಲಗಿ ಮಲಗಿ ಸೋತ ಕಾಲುಗಳು ಗಡಗಡ ನಡುಗಿದವು. ಬಾತ್‌ರೂಮು ಇನ್ನೂ ಅಷ್ಟು ದೂರವಿರುವಾಗಲೇ ಪೈಜಾಮ ಒದ್ದೆಯಾಗಿ ನೆಲದ ಮೇಲೆ ಹರಿಯಿತು.

"ತಪ್ಪಾಯ್ತು ಸಿಸ್ಟರ್," ಎಂದರು ಅಜ್ಜ.

ಮಗಳು ಸಿಕ್ಕಿದ ಟವೆಲ್ಲು ತೆಗೆದುಕೊಂಡು ಒರೆಸಲು ಕೂತಳು.

"ಕೊಡಿ, ನಾನು ಒರೆಸ್ತೀನಿ."

"ಬೇಡ ಬಿಡಿ. ನಿಮಗೆ ಬೇರೆ ಕೆಲಸ ಇರುತ್ತೆ."

"ಹಾಗೆಲ್ಲ ಅನ್ಬಾರದು ಕಣೇ," ಅಜ್ಜ ಮಗಳನ್ನು ಗದರಿದರು. "ಇಡೀ ವಾರ್ಡು ಅವರ ತಲೆ ಮೇಲಿದೆ."

ಅಜ್ಜ ಬೈದಿದ್ದರೆ ದೊಡ್ಡ ಸಿಸ್ಟರ್ ಹೇಗೋ ತಡೆದುಕೊಳ್ಳುತ್ತಿದ್ದಳು. ಅಲ್ಲಿಂದ ಓಡಿಹೋಗೋಣವೆಂದರೆ, ಅವರಿನ್ನೂ ಅವಳ ಭುಜ ಹಿಡಿದೇ ನಿಂತಿದ್ದರು. ಬಿಟ್ಟರೆ ಬೀಳುತ್ತಿದ್ದರು.